ಬೋರ್ಡೋ ಕಡೆ ಸೈಕಲ್ ತುಳಿಯುವವರಿಗೆ: ಮೊದಲು ಗಾಳಿ ನೋಡಿ

ರಜೆಗೆ ಫ್ರಾನ್ಸ್‌ಗೆ ಹೋಗಿ, ಬೋರ್ಡೋ ನಗರದ ಉತ್ತರಕ್ಕಿರುವ ಮೆಡಾಕ್ ಪ್ರದೇಶದ ದ್ರಾಕ್ಷಿ ತೋಟಗಳ ನಡುವೆ ರೈಡ್ ಮಾಡಬೇಕು ಅಂತಿರುವವರಿಗೆ ಒಂದು ಮಾತು. ನಂದಿ ಬೆಟ್ಟ ಹತ್ತಿ ತಯಾರಿ ಮಾಡುವುದೇನೂ ಬೇಡ, ಅಲ್ಲಿ ನೆಲ ಹೆಚ್ಚುಕಡಿಮೆ ಸಮತಟ್ಟು. ಕಾಡುವುದು ಗಾಳಿ. ಜಿರೋಂಡ್ ಅಳಿವೆಯ ಪಕ್ಕದಲ್ಲೇ ಡಿ2 ರಸ್ತೆ ಬೋರ್ಡೋದಿಂದ ಉತ್ತರಕ್ಕೆ ಮಾರ್ಗೋ, ಪೋಯಾಕ್ ಊರುಗಳನ್ನು ಹಾದು ಹೋಗುತ್ತದೆ, ಅಟ್ಲಾಂಟಿಕ್ ಸಮುದ್ರ ಹತ್ತಿರವೇ ಇರುವುದರಿಂದ ಮಧ್ಯಾಹ್ನ ವಾಯುವ್ಯದಿಂದ ಗಾಳಿ ಎದ್ದರೆ ಅದು ನೇರ ಎದೆಗೇ ಬಡಿಯುತ್ತದೆ. ಹಾಗಾಗಿ ಅಂಥ ದಿನ ಪೋಯಾಕ್‌ವರೆಗೆ ರೈಲಿನಲ್ಲಿ ಹೋಗಿ, ಅಲ್ಲಿಂದ ಸುಮಾರು 50 ಕಿ.ಮೀ. ವಾಪಸ್ ತುಳಿಯಿರಿ. ಸುಮ್ನೆ ಹೀರೋ ಆಗೋಕೆ ಹೋಗಬೇಡಿ.

ದೇವನಹಳ್ಳಿ ಕಡೆ ನಮ್ಮ ಬೆಂಗಳೂರು ನೀಲಿ ದ್ರಾಕ್ಷಿ ಚಪ್ಪರದ ಮೇಲೆ ಹಬ್ಬಿರುತ್ತದೆ, ಮೆಡಾಕ್‌ನಲ್ಲಿ ಗಿಡಗಳು ಸೊಂಟದ ಎತ್ತರಕ್ಕೆ ಸಾಲಾಗಿ ನಿಂತಿರುತ್ತವೆ. ನೆರಳು ಅಂತ ಆಸೆಪಡಬೇಡಿ, ನೀರು ಜಾಸ್ತಿ ಇಟ್ಟುಕೊಳ್ಳಿ. ಸೆಪ್ಟೆಂಬರ್‌ನಲ್ಲಿ ಕೊಯ್ಲು, ರಸ್ತೆ ತುಂಬ ಟ್ರಾಕ್ಟರ್. ವಾಹನ ಬಲಗಡೆ ಓಡುತ್ತವೆ, ತಿರುವಿನಲ್ಲಿ ನಮ್ಮ ಅಭ್ಯಾಸ ಕೈಕೊಡುತ್ತದೆ, ಹುಷಾರು.

ವೈನ್ ರುಚಿ ನೋಡುವುದಾದರೆ ಕೊನೆಗೆ ಇಟ್ಟುಕೊಳ್ಳಿ. ಲೀಟರ್ ರಕ್ತಕ್ಕೆ 0.5 ಗ್ರಾಂ ಆಲ್ಕೋಹಾಲ್ ಮಿತಿ ಅಲ್ಲಿ ಸೈಕಲ್‌ನವರಿಗೂ ಇದೆ! ಕತ್ತಲಾದ ಮೇಲೆ ಊರಾಚೆ ಹೊಳೆಯುವ ಜಾಕೆಟ್ ಕಡ್ಡಾಯ.

ಇನ್ನೊಂದು, ಮಾರ್ಗೋ-ಪೋಯಾಕ್ ನಡುವಿನ ಲಾಮಾರ್ಕ್‌ನಿಂದ ಬ್ಲೈ ಊರಿಗೆ ಅಳಿವೆ ದಾಟುವ ಫೆರಿ ಇದೆ, ಸೈಕಲ್ ಹತ್ತಿಸಬಹುದು. ಆಚೆ ದಡದಲ್ಲಿ 17ನೇ ಶತಮಾನದ ಫ್ರೆಂಚ್ ಸೇನಾ ಎಂಜಿನಿಯರ್ ವೋಬಾನ್ ಕಟ್ಟಿಸಿದ ಕೋಟೆ ನೋಡಲೇಬೇಕು. ಫೆರಿ ಸಮಯ ಸೀಸನ್‌ಗೆ ತಕ್ಕಂತೆ ಬದಲಾಗುತ್ತದೆ, ಹಿಂದಿನ ರಾತ್ರಿಯೇ ನೋಡಿಕೊಳ್ಳಿ.