ಆನ್ ಆಗದ ಸೋಲಾರ್ ಪೆಟ್ಟಿಗೆ

ಜೂನ್ ಎರಡನೆಯ ವಾರದ ಒಂದು ರಾತ್ರಿ ಗಾಳಿಮಳೆಗೆ ಎಲ್ಲೋ ಮರ ಬಿದ್ದು ಕರೆಂಟು ಹೋಯಿತು. ಕುಮಟಾ ಕಡೆಯ ಮಳೆಗಾಲದಲ್ಲಿ ಅದೊಂದು ಸುದ್ದಿಯೇ ಅಲ್ಲ. ಆದರೆ ಅದೇ ಹೊತ್ತಿಗೆ ಆಯಿಗೆ ಉಬ್ಬಸ ಕೆರಳಿ ನೆಬ್ಯುಲೈಸರ್ ಬೇಕಾಯಿತು. ಇಂಥ ರಾತ್ರಿಗೆಂದೇ ತಂದಿಟ್ಟ ಸೋಲಾರ್ ಪವರ್ ಸ್ಟೇಷನ್ನನ್ನು, ಅಂದರೆ ಬಿಸಿಲಿನಿಂದಲೂ ಕರೆಂಟಿನಿಂದಲೂ ಚಾರ್ಜ್ ಆಗುವ ಬ್ಯಾಟರಿ ಪೆಟ್ಟಿಗೆಯನ್ನು, ಅಟ್ಟದಿಂದ ಇಳಿಸಿ ಗುಂಡಿ ಒತ್ತಿದೆ. ಪರದೆಯ ಮೇಲೆ ಒಂದು ಗೆರೆಯೂ ಮೂಡಲಿಲ್ಲ. ಮತ್ತೆ ಒತ್ತಿದೆ, ಒತ್ತಿ ಹಿಡಿದೆ, ಅಲ್ಲಾಡಿಸಿ ಒತ್ತಿದೆ. ಕೊನೆಗೆ ಆಯಿಯನ್ನು ಕೊಡೆಯಡಿಯಲ್ಲಿ ಪಕ್ಕದ ಮನೆಗೆ ನಡೆಸಿಕೊಂಡು ಹೋಗಿ, ಅವರ ಇನ್ವರ್ಟರ್‌ಗೆ ನೆಬ್ಯುಲೈಸರ್ ಸಿಕ್ಕಿಸಿದೆ. ಆ ಇಪ್ಪತ್ತು ಹೆಜ್ಜೆ ನಡೆಯುವುದಕ್ಕೆ ಅವಳು ಪಟ್ಟ ಪಾಡು ನನ್ನ ಕಣ್ಣ ಮುಂದಿನಿಂದ ಇನ್ನೂ ಹೋಗಿಲ್ಲ.

ನಾನು ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಕಲಿತವನು. ಊರಿನ ವೈರಿಂಗ್, ಪಂಪ್‌ಸೆಟ್ಟು ನೋಡಿಕೊಂಡೇ ಬದುಕಿದ್ದೇನೆ. ಲಿಥಿಯಂ ಬ್ಯಾಟರಿ ಬಿಚ್ಚಿದ್ದು ಮಾತ್ರ ಇದೇ ಮೊದಲು. ಪೆಟ್ಟಿಗೆಯ ವಾರಂಟಿ ಮುಗಿದಿತ್ತು. ಕಂಪನಿಗೆ ಫೋನ್ ಮಾಡಿದರೆ, ಬ್ಯಾಟರಿ ಸತ್ತಿರಬೇಕು, ಹೊಸದು ತೆಗೆದುಕೊಳ್ಳುವುದೇ ಒಳ್ಳೆಯದು ಎಂದರು. ಮೀಟರ್ ಇಟ್ಟು ನೋಡದೆ ಸತ್ತಿದೆ ಎನ್ನುವುದು ಹೇಗೆ? ಒಬ್ಬ ಕೆಲಸಗಾರನಾಗಿ ಆ ಮಾತನ್ನು ಒಪ್ಪಲು ನನಗೆ ಆಗಲಿಲ್ಲ.

ಮಾರನೆಯ ದಿನ ಕರೆಂಟು ಬಂದ ಮೇಲೆ ಹೊರಗಿನಿಂದ ಶುರು ಮಾಡಿದೆ. ಸಿಕ್ಕಿಸಿದ್ದ ತಂತಿಗಳನ್ನೆಲ್ಲ ತೆಗೆದು ಗುಂಡಿಯನ್ನು ಹದಿನೈದು ಸೆಕೆಂಡ್ ಒತ್ತಿ ಹಿಡಿದೆ. ಕೆಲವು ಪೆಟ್ಟಿಗೆಗಳು ಓವರ್‌ಲೋಡ್ ಆಗಿ ಮುಚ್ಚಿಕೊಂಡಿದ್ದರೆ ಇಷ್ಟಕ್ಕೇ ತೆರೆದುಕೊಳ್ಳುತ್ತವೆ. ನನ್ನದು ತೆರೆಯಲಿಲ್ಲ. ಅಡಾಪ್ಟರ್ ಹಾಕಿದೆ. ಅದರ ದೀಪ ಹಸಿರಾಗಿಯೇ ಉಳಿಯಿತು. ಚಾರ್ಜ್ ಆಗುವಾಗ ಅದು ಕೆಂಪಾಗಬೇಕು. ಹಸಿರೆಂದರೆ ಒಂದೋ ಬ್ಯಾಟರಿ ತುಂಬಿದೆ, ಇಲ್ಲವೇ ಕರೆಂಟು ಒಳಗೆ ಹೋಗುತ್ತಿಲ್ಲ. ಪಿನ್ನಿಗೆ ಮೀಟರ್ ಇಟ್ಟರೆ 24.3 ವೋಲ್ಟ್. ಅಡಾಪ್ಟರ್‌ನಲ್ಲಿ ದೋಷವಿಲ್ಲ.

ಮಧ್ಯಾಹ್ನ ಮಳೆ ಹೊಳವಾದಾಗ ಮಡಚುವ ಪ್ಯಾನೆಲ್ಲನ್ನು ಅಂಗಳದಲ್ಲಿ ಬಿಡಿಸಿದೆ. 100 ವ್ಯಾಟಿನದು. ತಂತಿಯ ತುದಿಯಲ್ಲಿ 19.8 ವೋಲ್ಟ್ ಬಂತು. ಪ್ಲಸ್, ಮೈನಸ್ ಅದಲುಬದಲಾಗಿರಲಿಲ್ಲ. ಇಲ್ಲಿ ಬಹಳ ಜನ ಮೋಸ ಹೋಗುತ್ತಾರೆ. ಮೋಡದ ಮಬ್ಬಿನಲ್ಲಿಯೂ ಪ್ಯಾನೆಲ್ ವೋಲ್ಟನ್ನು ಚೆನ್ನಾಗಿಯೇ ತೋರಿಸುತ್ತದೆ, ಇಲ್ಲದಿರುವುದು ಆಂಪಿಯರ್. ಮೀಟರನ್ನು 10 ಆಂಪಿಯರ್‌ಗೆ ತಿರುಗಿಸಿ ಎರಡು ತಂತಿಯನ್ನೂ ಅದರ ಮೂಲಕ ಒಂದು ಕ್ಷಣ ಕೂಡಿಸಿದರೆ 0.7 ಮಾತ್ರ. ಏಪ್ರಿಲ್ ಬಿಸಿಲಿನಲ್ಲಿ ಇದೇ ಪ್ಯಾನೆಲ್ 5 ದಾಟಿಸುತ್ತದೆ. ಅಂದರೆ ಜೂನ್ ತಿಂಗಳ ಆ ಹೊಳವಿನಲ್ಲಿ ನನಗೆ ಸಿಗುತ್ತಿದ್ದದ್ದು ಹತ್ತು ಹನ್ನೆರಡು ವ್ಯಾಟ್. ಪ್ಯಾನೆಲ್ ಸರಿಯಿತ್ತು, ಆದರೆ ಅದನ್ನು ನಂಬಿಕೊಂಡು ಕೂರುವ ಕಾಲವಲ್ಲ.

ಟಾರ್ಚ್ ಬಿಟ್ಟು ಚಾರ್ಜಿಂಗ್ ಸಾಕೆಟ್ಟಿನ ಒಳಗೆ ಇಣುಕಿದೆ. ನಡುವಿನ ಪಿನ್ನಿನ ಬುಡಕ್ಕೆ ಹಸಿರು ಕಿಲುಬು ಕಟ್ಟಿತ್ತು. ನಮ್ಮ ಮನೆ ಅಘನಾಶಿನಿ ಅಳಿವೆಯ ದಂಡೆಯಲ್ಲಿದೆ. ಹಿತ್ತಲು ದಾಟಿದರೆ ಗಜನಿ ಗದ್ದೆ, ಅದರಾಚೆ ಉಪ್ಪುನೀರು. ಇಲ್ಲಿನ ಗಾಳಿಗೆ ಕಿಟಕಿಯ ಸರಳು ಹಪ್ಪಳದ ಹಾಗೆ ಪದರು ಪದರಾಗಿ ಏಳುತ್ತದೆ, ತಾಮ್ರದ ಪಾಡು ಬೇರೆ ಹೇಳಬೇಕೇ? ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿ, ಹಸಿರು ಬರುವುದು ನಿಲ್ಲುವವರೆಗೆ ಉಜ್ಜಿದೆ. ಆರು ಕಡ್ಡಿ ಹಿಡಿಯಿತು. ಒಣಗಿದ ಮೇಲೆ ಅಡಾಪ್ಟರ್ ಹಾಕಿದೆ. ದೀಪ ಹಸಿರೇ.

ಇನ್ನು ಬಿಚ್ಚದೆ ಗತಿಯಿರಲಿಲ್ಲ. ಆದರೆ ವಾರಂಟಿ ಇರುವವರು ಇಲ್ಲಿಗೇ ನಿಲ್ಲಿಸಬೇಕು. ಮೀಟರ್ ಹಿಡಿದು ಅಭ್ಯಾಸವಿಲ್ಲದವರೂ ನಿಲ್ಲಿಸಬೇಕು. ಒಳಗೆ 230 ವೋಲ್ಟ್ ಮಾಡುವ ಇನ್ವರ್ಟರ್ ಇದೆ. ಅದರ ಕೆಪಾಸಿಟರ್‌ಗಳು ಪೆಟ್ಟಿಗೆ ಆಫ್ ಆದ ಮೇಲೂ ಮುನ್ನೂರಕ್ಕೂ ಹೆಚ್ಚು ವೋಲ್ಟ್ ಹಿಡಿದುಕೊಂಡಿರಬಹುದು. ಬ್ಯಾಟರಿಯ ವೋಲ್ಟ್ ಕಡಿಮೆ, ಆದರೆ ಒಂದು ಸ್ಪ್ಯಾನರ್ ಅಡ್ಡ ಬಿದ್ದರೆ ನೂರಾರು ಆಂಪಿಯರ್ ಹರಿದು ಲೋಹವೇ ಕರಗುತ್ತದೆ. ಉಂಗುರ, ವಾಚು ಬಿಚ್ಚಿಟ್ಟೆ. ಸ್ಕ್ರೂಡ್ರೈವರಿನ ತುದಿಯಷ್ಟೇ ಬಿಟ್ಟು ಉಳಿದದ್ದಕ್ಕೆಲ್ಲ ಟೇಪ್ ಸುತ್ತಿದೆ. ಕಲ್ಲುಚಪ್ಪಡಿಯ ಜಗಲಿಯ ಮೇಲೆ, ಪಕ್ಕದಲ್ಲಿ ಒಂದು ಬಕೆಟ್ ಮರಳಿಟ್ಟುಕೊಂಡು ಕುಳಿತೆ.

ಒಳಗಿದ್ದದ್ದು ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ: 3.2 ವೋಲ್ಟಿನ ನಾಲ್ಕು ಸೆಲ್ ಸಾಲಾಗಿ, ಒಟ್ಟು 12.8 ವೋಲ್ಟ್, 40 ಆಂಪಿಯರ್ ಅವರ್. ಸೆಲ್‌ಗಳನ್ನು ಕಾಯುವ ಬಿಎಂಎಸ್ ಎಂಬ ಪುಟ್ಟ ಬೋರ್ಡು ಅವುಗಳ ಬೆನ್ನಿಗೆ ಅಂಟಿಕೊಂಡಿತ್ತು. ಬೋರ್ಡಿನಿಂದ ಹೊರಬರುವ ತಂತಿಯಲ್ಲಿ ಅಳೆದರೆ ಸೊನ್ನೆಗೆ ಹತ್ತಿರ. ಮೀಟರಿನ ಕಡ್ಡಿಯನ್ನು ಬೋರ್ಡಿನ ಹಿಂದೆ, ನೇರ ಸೆಲ್‌ಗಳ ತುದಿಗೆ ಇಟ್ಟೆ. 9.65 ವೋಲ್ಟ್! ಆ ಅಂಕಿ ನೋಡಿದಾಗ ನನಗಾದ ಸಮಾಧಾನ ಅಷ್ಟಿಷ್ಟಲ್ಲ. ಬ್ಯಾಟರಿ ಸತ್ತಿರಲಿಲ್ಲ, ಬಾಗಿಲು ಹಾಕಿಕೊಂಡಿತ್ತು.

ಇಂಥ ಸೆಲ್ 2.5 ವೋಲ್ಟಿಗಿಂತ ಕೆಳಗಿಳಿಯಬಾರದು. ಇಳಿಯುವ ಹೊತ್ತಿಗೆ ಬಿಎಂಎಸ್ ಹೊರಗಿನ ದಾರಿಯನ್ನು ಕಡಿದುಬಿಡುತ್ತದೆ, ಅದರ ಕೆಲಸವೇ ಅದು. ಹಾಗಾದರೆ ಅಡಾಪ್ಟರ್ ಹಾಕಿದಾಗ ಯಾಕೆ ಏಳಲಿಲ್ಲ? ನನ್ನ ಪೆಟ್ಟಿಗೆಯಲ್ಲಿ ಚಾರ್ಜ್ ಮಾಡುವ ಬೋರ್ಡು ಎಚ್ಚರಗೊಳ್ಳುವುದು ಬ್ಯಾಟರಿ ಕಡೆಯ ವೋಲ್ಟಿನಿಂದ. ಬ್ಯಾಟರಿ ತೆರೆದುಕೊಳ್ಳದೆ ಅದು ಚಾರ್ಜ್ ಮಾಡದು, ಚಾರ್ಜ್ ಆಗದೆ ಬ್ಯಾಟರಿ ತೆರೆದುಕೊಳ್ಳದು. ಮದುವೆಯಾಗದ ಹೊರತು ಹುಚ್ಚು ಬಿಡದು, ಹುಚ್ಚು ಬಿಡದ ಹೊರತು ಮದುವೆಯಾಗದು ಎನ್ನುವ ಗಾದೆಯ ಕತೆ.

ನಾಲ್ಕೂ ಸೆಲ್‌ಗಳನ್ನು ಬೇರೆಬೇರೆಯಾಗಿ ಅಳೆದೆ: 2.42, 2.39, 2.43, 2.41. ಯಾವುದೂ ಉಬ್ಬಿರಲಿಲ್ಲ, ಯಾವ ವಾಸನೆಯೂ ಇರಲಿಲ್ಲ. ಇವುಗಳಲ್ಲಿ ಒಂದೇ ಒಂದು ಸೆಲ್ 2 ವೋಲ್ಟಿಗಿಂತ ಕೆಳಗಿದ್ದಿದ್ದರೂ ನಾನು ಮುಂದುವರಿಯುತ್ತಿರಲಿಲ್ಲ. ತೀರ ಬರಿದಾದ ಸೆಲ್ಲಿನಲ್ಲಿ ತಾಮ್ರದ ಹಾಳೆ ಕರಗತೊಡಗಬಹುದು. ಅದಕ್ಕೆ ಮತ್ತೆ ಚಾರ್ಜ್ ಕೊಟ್ಟರೆ ಆ ತಾಮ್ರವೇ ಒಳಗೆ ಸೇತುವೆ ಕಟ್ಟಿ ಶಾರ್ಟ್ ಮಾಡಬಹುದು. ಹಳೆಯ ಸೀಸದ ಬ್ಯಾಟರಿಗೆ ಮಾಡುವ ಹಾಗೆ ಇನ್ನೊಂದು ಬ್ಯಾಟರಿಯನ್ನು ನೇರ ಕೂಡಿಸಿ ಎಬ್ಬಿಸುವ ಪ್ರಯತ್ನವನ್ನೂ ದಯವಿಟ್ಟು ಯಾರೂ ಮಾಡಬೇಡಿ. ಕರೆಂಟಿಗೆ ಲಗಾಮು ಇರಲೇಬೇಕು.

ಆ ಲಗಾಮು ಮೊಬೈಲ್ ರಿಪೇರಿ ಅಂಗಡಿಯಲ್ಲಿ ಇರುತ್ತದೆ. ವೋಲ್ಟ್, ಆಂಪಿಯರ್ ಎರಡನ್ನೂ ತಿರುಗಿಸಿ ಕೂರಿಸುವ ಡಿಸಿ ಸಪ್ಲೈ ಅವರ ಮೇಜಿನ ಮೇಲೆ ಸದಾ ಉರಿಯುತ್ತಿರುತ್ತದೆ. ಪೇಟೆಯ ಪರಿಚಯದ ಹುಡುಗನನ್ನು ಕೇಳಿದೆ. "ಅಣ್ಣಾ, ಸಪ್ಲೈ ತೆಗೆದುಕೊಂಡು ಹೋಗಿ, ಪೆಟ್ಟಿಗೆಯನ್ನು ಮಾತ್ರ ಇಲ್ಲಿಗೆ ತರಬೇಡಿ. ಅಂಗಡಿಯ ತುಂಬ ಬೇರೆಯವರ ಮೊಬೈಲ್ ಇದೆ" ಎಂದ. ಅವನ ಎಚ್ಚರಿಕೆ ನನಗೆ ಮೆಚ್ಚುಗೆಯಾಯಿತು.

ಬ್ಯಾಟರಿಯ ತಂತಿಯನ್ನು ಉಳಿದ ಬೋರ್ಡುಗಳಿಂದ ಬಿಡಿಸಿದೆ. ಸಪ್ಲೈಯನ್ನು 13.6 ವೋಲ್ಟ್, ಅರ್ಧ ಆಂಪಿಯರ್‌ಗೆ ಕೂರಿಸಿ ಬಿಎಂಎಸ್ ಮೂಲಕವೇ ಕೊಟ್ಟೆ, ಕಾವಲುಗಾರನನ್ನು ದಾಟಿ ಹೋಗಲಿಲ್ಲ. ಕ್ಲಿಪ್ ಕಚ್ಚಿಸಿದ ಕೂಡಲೇ 13.6 ಇದ್ದ ಅಂಕಿ ಜಾರಿ 10.4ಕ್ಕೆ ಬಂದು ನಿಂತಿತು, ಪಕ್ಕದಲ್ಲಿ 0.00 ಇದ್ದದ್ದು 0.50 ಆಯಿತು. ಬ್ಯಾಟರಿ ಕುಡಿಯುತ್ತಿದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಹತ್ತು ನಿಮಿಷಕ್ಕೊಮ್ಮೆ ನಾಲ್ಕೂ ಸೆಲ್‌ಗಳಿಗೆ ಅಂಗೈ ಇಟ್ಟು ನೋಡಿದೆ, ನಾಲ್ಕನ್ನೂ ಅಳೆದು ಪಂಚಾಂಗದ ಹಿಂದಿನ ಖಾಲಿ ಹಾಳೆಯಲ್ಲಿ ಬರೆದೆ. ಯಾವುದೊಂದು ಬಿಸಿಯಾದರೂ, ಉಳಿದವನ್ನು ಬಿಟ್ಟು ಒಂದೇ ಓಡಿದರೂ, ಹಿಂದೆ ಬಿದ್ದರೂ ನಿಲ್ಲಿಸಬೇಕೆಂದಿದ್ದೆ. ಒಂದು ಗಂಟೆಯ ನಂತರ ಒಂದು ಆಂಪಿಯರ್‌ಗೆ ಏರಿಸಿದೆ. "ತಮ್ಮಾ, ಊಟಕ್ಕೆ ಬಾ, ಅದೇನು ಓಡಿ ಹೋಗುತ್ತದೆಯೇ" ಎಂದು ಆಯಿ ಎರಡು ಸಲ ಕರೆದಳು. ಎದ್ದು ಹೋಗಲಿಲ್ಲ. ಇಂಥ ಚಾರ್ಜನ್ನು ಕಾವಲಿಲ್ಲದೆ ಬಿಡಲೇಬಾರದು.

ಮೂರು ಗಂಟೆಗೆ ಎಲ್ಲ ಸೆಲ್‌ಗಳೂ 3 ವೋಲ್ಟ್ ದಾಟಿದವು. ಸಪ್ಲೈ ತೆಗೆದು, ಬಿಎಂಎಸ್ಸಿನ ಹೊರತಂತಿಯಲ್ಲಿ ಅಳೆದರೆ 12.2. ಬಾಗಿಲು ತೆರೆದಿತ್ತು. ಬೋರ್ಡಿಗೆ ಮತ್ತೆ ಜೋಡಿಸಿ ಗುಂಡಿ ಒತ್ತಿದೆ. ಪರದೆ ಬೆಳಗಿ ಶೇಕಡಾ 4 ಎಂದು ತೋರಿಸಿತು. ಅಡಾಪ್ಟರ್ ಹಾಕಿದೆ, ದೀಪ ಕೆಂಪಾಯಿತು. ರಾತ್ರಿ ಒಂಬತ್ತಕ್ಕೆ ಬ್ಯಾಟರಿ ತುಂಬಿತು. ಮಾರನೆಯ ದಿನ 50 ವ್ಯಾಟಿನ ಫ್ಯಾನ್ ಹಚ್ಚಿ ನೋಡಿದರೆ ಎಂಟು ಗಂಟೆ ತಿರುಗಿತು. ಹೊಸದರಲ್ಲಿ ಒಂಬತ್ತರ ಹತ್ತಿರ ತಿರುಗಿತ್ತು. ಅಷ್ಟು ಬರಿದಾಗಲು ಬಿಟ್ಟದ್ದರಿಂದಲೋ ವಯಸ್ಸಿನಿಂದಲೋ ಸ್ವಲ್ಪ ಕಳೆದುಕೊಂಡಿದ್ದೇನೆ.

ಬರಿದಾದದ್ದು ಹೇಗೆ ಎಂಬುದನ್ನೂ ಹುಡುಕಿದೆ. ಪೆಟ್ಟಿಗೆ ಆಫ್ ಇರುವಾಗ ಬ್ಯಾಟರಿ ತಂತಿಯ ನಡುವೆ ಮೀಟರ್ ಇಟ್ಟರೆ 5 ಮಿಲಿಆಂಪಿಯರ್ ಹರಿಯುತ್ತಿತ್ತು, ಪರದೆ, ಗುಂಡಿಗಳನ್ನು ಎಚ್ಚರವಾಗಿಡಲು. ಕೇಳಿದರೆ ಏನೂ ಅಲ್ಲ. ದಿನಕ್ಕೆ 0.12 ಆಂಪಿಯರ್ ಅವರ್, ತಿಂಗಳಿಗೆ 3.6. ಅಕ್ಟೋಬರಿನಲ್ಲಿ ಮಳೆ ನಿಂತ ಮೇಲೆ ಶೇಕಡಾ 20 ಇರುವಾಗ ಅಟ್ಟಕ್ಕೆ ಏರಿಸಿದ್ದೆ, ಅಂದರೆ 8 ಆಂಪಿಯರ್ ಅವರ್. ಹೊಸ ವರ್ಷ ಬರುವಷ್ಟರಲ್ಲಿ ಅದು ಮುಗಿದಿತ್ತು. ಮುಂದಿನ ಐದು ತಿಂಗಳು ಬಿಎಂಎಸ್ ತನ್ನ ಪಾಲಿನ ಹನಿಯನ್ನು ಹೀರುತ್ತ ಕುಳಿತಿತ್ತು. ಆಯಿಯ ನೆಬ್ಯುಲೈಸರ್ 130 ವ್ಯಾಟಿನದು, ಹತ್ತು ನಿಮಿಷಕ್ಕೆ ಸುಮಾರು 22 ವ್ಯಾಟ್ ಅವರ್ ಸಾಕು, ಬ್ಯಾಟರಿಯ ಶೇಕಡಾ 5ಕ್ಕಿಂತ ಕಡಿಮೆ. ಅಷ್ಟನ್ನು ಉಳಿಸಿಕೊಳ್ಳದೆ ಅವಳನ್ನು ಮಳೆಯಲ್ಲಿ ನಡೆಸಿದೆ.

ಈಗ ಪೆಟ್ಟಿಗೆ ಅಟ್ಟದಲ್ಲಿಲ್ಲ. ಒಲೆಯ ಮೇಲ್ಗಡೆಯ ಆ ಸೆಕೆ ಬ್ಯಾಟರಿಗೆ ಒಳ್ಳೆಯದಲ್ಲ. ನಡುಮನೆಯ ಕಪಾಟಿನಲ್ಲಿ, ಸಾಕೆಟ್ಟುಗಳಿಗೆ ರಬ್ಬರ್ ಮುಚ್ಚಳ ಹಾಕಿ ಇಟ್ಟಿದ್ದೇನೆ. ಮಳೆಗಾಲದಲ್ಲಿ ಪೂರ್ತಿ ತುಂಬಿಸಿ, ಉಳಿದ ಕಾಲದಲ್ಲಿ ಶೇಕಡಾ 60ರ ಆಸುಪಾಸು. ನವೆಂಬರ್ 1ಕ್ಕೆ 60 ಇಟ್ಟಿದ್ದೆ. ಡಿಸೆಂಬರ್ 1ಕ್ಕೆ ತೆಗೆದು ನೋಡಿದಾಗ 51 ಇತ್ತು. ಲೆಕ್ಕ ತಾಳೆಯಾಯಿತು, ಮತ್ತೆ 60ಕ್ಕೆ ಏರಿಸಿ ಪಂಚಾಂಗದಲ್ಲಿ ಬರೆದಿಟ್ಟೆ.