ಚಿಕ್ಕಮಗಳೂರಿನಲ್ಲಿ ಕುಳಿತು ವಿಶ್ವ ಬೇಸ್‌ಬಾಲ್ ನೋಡುವ ಬಗೆ

2006ರಲ್ಲಿ ಆರಂಭವಾದ, ದೇಶ ದೇಶಗಳ ತಂಡಗಳು ಸೆಣಸುವ ವರ್ಲ್ಡ್ ಬೇಸ್‌ಬಾಲ್ ಕ್ಲಾಸಿಕ್ ಪಂದ್ಯಾವಳಿ ಮಾರ್ಚ್ ತಿಂಗಳಿನಲ್ಲಿ, ಅಂದರೆ ನಮ್ಮ ಕಾಫಿ ತೋಟಗಳು ಹೂಮಳೆಗೆ ಕಾಯುವ ದಿನಗಳಲ್ಲಿ ನಡೆಯುತ್ತದೆ. ಆದ್ದರಿಂದ ಮೊದಲು ವೇಳೆಯನ್ನು ಲೆಕ್ಕ ಹಾಕಿಕೊಳ್ಳಬೇಕು. ಟೋಕಿಯೊದಲ್ಲಿ ಸಂಜೆ 7ಕ್ಕೆ ಶುರುವಾಗುವ ಪಂದ್ಯ ನಮಗೆ ಮಧ್ಯಾಹ್ನ 3.30ಕ್ಕೇ ಸಿಗುತ್ತದೆ. ಮಿಯಾಮಿಯ ಸಂಜೆ 7ರ ಪಂದ್ಯಕ್ಕಾದರೆ, ಮಾರ್ಚ್ ಎರಡನೇ ಭಾನುವಾರ ಅಲ್ಲಿನ ಗಡಿಯಾರಗಳು ಒಂದು ಗಂಟೆ ಮುಂದಾದ ಬಳಿಕ, ಮರುದಿನ ನಸುಕಿನ 4.30ಕ್ಕೆ ಏಳಬೇಕಾಗುತ್ತದೆ. ಮಳೆ ಬಂದರೆ ಕರೆಂಟು ಹೋಗುವುದು ನಮಗೆ ಹೊಸದಲ್ಲವಾದ್ದರಿಂದ ಮೊಬೈಲನ್ನು ಹಿಂದಿನ ರಾತ್ರಿಯೇ ಚಾರ್ಜ್ ಮಾಡಿಡುವುದು ಲೇಸು.

ನಿಯಮಗಳಿಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ: ಒಂಬತ್ತು ಇನ್ನಿಂಗ್ಸ್, ಪ್ರತಿಯೊಂದರಲ್ಲೂ ತಂಡಕ್ಕೆ ಮೂರು ಔಟ್.

ಗಮನವಿಡಬೇಕಾದದ್ದು ಪ್ರೇಕ್ಷಕರ ಮೇಲೆ. ಜಪಾನಿನ ಅಭಿಮಾನಿಗಳು ತಮ್ಮ ತಂಡ ಬ್ಯಾಟ್ ಮಾಡುವಾಗ ತುತ್ತೂರಿ, ಡೋಲುಗಳೊಡನೆ ಒಬ್ಬೊಬ್ಬ ಆಟಗಾರನಿಗೂ ಬೇರೆ ಬೇರೆ ಹಾಡು ಹಾಡುತ್ತಾರೆ. 2017ರಲ್ಲಿ ಪೋರ್ಟೊ ರಿಕೊ ಆಟಗಾರರು ತಲೆಗೂದಲಿಗೆ ಹೊಂಬಣ್ಣ ಹಚ್ಚಿಕೊಂಡಾಗ ಅಲ್ಲಿನ ಜನರೂ ಹಾಗೆಯೇ ಮಾಡಿದರು. ತೈವಾನಿನಲ್ಲಂತೂ 500 ಡಾಲರ್ ನೋಟಿನ ಮೇಲೆಯೇ ಬೇಸ್‌ಬಾಲ್ ಆಡುವ ಮಕ್ಕಳ ಸಂಭ್ರಮವಿದೆ.

ಹೊಸಬರು 2023ರ ಫೈನಲ್‌ನ ಕೊನೆಯ ಇನ್ನಿಂಗ್ಸ್‌ನಿಂದ ಆರಂಭಿಸಬಹುದು. ಅದರಲ್ಲಿ ಜಪಾನಿನ ಶೋಹೈ ಓಟಾನಿ, ತಮ್ಮದೇ ಕ್ಲಬ್ಬಿನ ಜೊತೆಗಾರರಾಗಿದ್ದ ಅಮೆರಿಕದ ಮೈಕ್ ಟ್ರೌಟ್ ಅವರನ್ನು ಔಟ್ ಮಾಡಿ 3–2ರಿಂದ ಪಂದ್ಯ ಗೆಲ್ಲಿಸಿದರು.