ಪಾಸಮ್ ಓಡಾಡುವ ಮನೆಯಲ್ಲಿ ಒಂದು ಸೆಮಿಸ್ಟರ್

ಆಸ್ಟ್ರೇಲಿಯಾಕ್ಕೆ ಒಂದು ಸೆಮಿಸ್ಟರ್ ಓದಲು ಬರುವ ಮಕ್ಕಳು ಹಾವು, ಜೇಡ ಅಂತ ಹೆದರಿಕೊಂಡೇ ವಿಮಾನ ಹತ್ತುತ್ತಾರೆ. ಇಲ್ಲಿ ಬಹಳ ವರ್ಷ ಮನೆ ನಡೆಸಿದವಳು ನಾನು. ನಿಮ್ಮ ನಿದ್ದೆ ಕೆಡಿಸುವುದು, ಕಸ ಚೆಲ್ಲುವುದು, ಕೈಯಲ್ಲಿದ್ದ ತಿಂಡಿ ಕಸಿಯುವುದು ಹಾವೂ ಅಲ್ಲ, ಜೇಡವೂ ಅಲ್ಲ. ಪಾಸಮ್ ಅನ್ನುವ ಮರದ ಮೇಲಿನ ಪ್ರಾಣಿ, ಮತ್ತೆ ಕಾಕಟೂ, ಐಬಿಸ್, ಮ್ಯಾಗ್‌ಪೈ ಅನ್ನುವ ಹಕ್ಕಿಗಳು. ಇವು ಯಾವಾಗ ಏನು ಮಾಡುತ್ತವೆ ಅಂತ ತಿಳಿದುಕೊಂಡು ಮನೆ ಇಟ್ಟುಕೊಂಡರೆ ಅರ್ಧ ತಲೆನೋವು ಕಡಿಮೆ.

ಮೊದಲು ಪಾಸಮ್. ಬೆಕ್ಕಿನಷ್ಟಿರುವ, ಹೊಟ್ಟೆಚೀಲದಲ್ಲಿ ಮರಿ ಸಾಕುವ, ರಾತ್ರಿ ಓಡಾಡುವ ಪ್ರಾಣಿ. ಕತ್ತಲಾದ ಮೇಲೆ ಛಾವಣಿಯಲ್ಲಿ ಯಾರೋ ಬೂಟು ಹಾಕಿಕೊಂಡು ನಡೆದಾಡಿದ ಹಾಗೆ ಸದ್ದು ಬರುತ್ತದೆ. ಆಮೇಲೆ ಗೊರಗೊರ ಅನ್ನುವ ಒರಟು ದನಿ. ಕಳ್ಳ ಅಂತ ಪೊಲೀಸರಿಗೆ ಫೋನ್ ಮಾಡಬೇಡಿ. ಹಿಡಿದು ಬೇರೆ ಕಡೆ ಬಿಟ್ಟು ಬರೋಣ ಅನ್ನುವ ಯೋಚನೆಯೂ ಬೇಡ, ಇದು ಕಾನೂನಿನ ರಕ್ಷಣೆ ಇರುವ ಪ್ರಾಣಿ. ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಪರವಾನಗಿ ಇದ್ದವರು ಹಿಡಿದರೂ ಹಿಡಿದ ಜಾಗದ ಹತ್ತಿರವೇ ಬಿಡಬೇಕು. ದೂರ ಬಿಟ್ಟರೆ ಅಲ್ಲಿ ಬೇರೆ ಪಾಸಮ್‌ಗಳ ಗಡಿ ಇರುತ್ತದೆ, ಪಾಪ, ಹೆಚ್ಚಿನವು ಬದುಕುವುದಿಲ್ಲ. ನೀವು ಬಾಡಿಗೆಗೆ ಇರುವವರು. ಹೆಂಚು ಸರಿದಿದೆ, ಸೂರಿನಲ್ಲಿ ತೂತಿದೆ ಅಂತ ಕಂಡರೆ ಫೋಟೊ ಸಮೇತ ಮನೆ ಬಾಡಿಗೆಗೆ ಕೊಟ್ಟ ಏಜೆಂಟ್‌ಗೆ ಇಮೇಲ್ ಮಾಡಿ. ಬಾಯಿ ಮಾತಿನಲ್ಲಿ ಹೇಳಿದರೆ ನಾಳೆ ಲೆಕ್ಕಕ್ಕೆ ಸಿಗುವುದಿಲ್ಲ. ತೂತು ಮುಚ್ಚುವುದು ಕತ್ತಲಾಗಿ ಅದು ಹೊರಗೆ ಹೋದ ಮೇಲೆ, ಒಳಗೆ ಮರಿ ಇಲ್ಲ ಅಂತ ಖಾತ್ರಿ ಮಾಡಿಕೊಂಡು. ಹಗಲಲ್ಲಿ ಮುಚ್ಚಿದರೆ ಅದು ಒಳಗೇ ಸಿಕ್ಕಿಬೀಳುತ್ತದೆ.

ಅಡುಗೆಮನೆ ಕಿಟಕಿಗೆ ಜಾಲರಿ ಇಲ್ಲದಿದ್ದರೆ ರಾತ್ರಿ ಮುಚ್ಚಿಬಿಡಿ. ಮೇಜಿನ ಮೇಲೆ ಬಾಳೆಹಣ್ಣು ಇಟ್ಟು ಕಿಟಕಿ ತೆರೆದು ಮಲಗುವುದು ಅಂದರೆ ಪಾಸಮ್ ಅನ್ನು ಕರೆದು ಕೂರಿಸಿದಂತೆ. ಬಾಲ್ಕನಿ ಕುಂಡದಲ್ಲಿ ಪುದೀನ, ಪಾರ್ಸ್ಲಿ ಬೆಳೆಸುವ ಆಸೆ ಇದ್ದರೆ ಬಲೆ ಹೊದಿಸಿ, ಆದರೆ ಬೆರಳು ತೂರದಷ್ಟು ಸಣ್ಣ ಕಣ್ಣಿನದು. ದೊಡ್ಡ ಕಣ್ಣಿನ ಬಲೆಯಲ್ಲಿ ಬಾವಲಿ, ಹಕ್ಕಿ ಸಿಕ್ಕಿಕೊಳ್ಳುತ್ತವೆ. ವಿಕ್ಟೋರಿಯಾ ರಾಜ್ಯದಲ್ಲಿ ಹಣ್ಣಿನ ಗಿಡಗಳಿಗೆ ಹಾಕುವ ಬಲೆಯ ಬಗ್ಗೆ 2021ರಿಂದ ನಿಯಮವೇ ಇದೆ, ಕಣ್ಣು 5 ಮಿಲಿಮೀಟರ್‌ಗಿಂತ ದೊಡ್ಡದಿರಬಾರದು.

ಇನ್ನು ಕಾಕಟೂ, ದೊಡ್ಡ ಗಿಳಿಯ ಜಾತಿ. ಬಿಳಿ ಮೈ, ಹಳದಿ ಜುಟ್ಟು, ನೋಡಲು ಬಲು ಸಂಭಾವಿತ. ಸಿಡ್ನಿಯಲ್ಲಿ ಇವು ಕಸದ ಬಿನ್ನಿನ ಮುಚ್ಚಳವನ್ನು ಕೊಕ್ಕಿನಿಂದ ಎತ್ತಿ, ಅಂಚಿನ ಮೇಲೆ ನಡೆಯುತ್ತಾ ಹಿಂದಕ್ಕೆ ಮಗುಚುವುದನ್ನು ಒಂದನ್ನೊಂದು ನೋಡಿ ಕಲಿತಿವೆ. 2018ಕ್ಕೆ ಮುಂಚೆ ಮೂರು ಬಡಾವಣೆಗಳಲ್ಲಿ ಮಾತ್ರ ಕಂಡಿದ್ದ ಈ ವಿದ್ಯೆ 2019ರ ಕೊನೆಗೆ 44 ಬಡಾವಣೆಗಳಿಗೆ ಹರಡಿತ್ತು. ಜನ ಮುಚ್ಚಳದ ಮೇಲೆ ಇಟ್ಟಿಗೆ ಇಟ್ಟರು, ಅವು ತಳ್ಳಿ ಬೀಳಿಸಿದವು. ಹಗ್ಗದಲ್ಲಿ ಬಿಗಿದು ಕಟ್ಟಿದರೆ ಕಸದ ಲಾರಿ ಬಿನ್ ಎತ್ತಿ ಬಗ್ಗಿಸಿದಾಗ ಮುಚ್ಚಳ ತೆರೆಯದೆ ಕಸ ಅಲ್ಲೇ ಉಳಿಯುತ್ತದೆ. ನನ್ನ ಉಪಾಯ ಸರಳ. ಮೂಳೆ, ಮೀನು, ಉಳಿದ ಊಟ ಎಲ್ಲ ಒಂದು ಚೀಲದಲ್ಲಿ ಕಟ್ಟಿ ಫ್ರೀಜರ್‌ನಲ್ಲಿಡಿ. ಲಾರಿ ಬರುವ ಹಿಂದಿನ ರಾತ್ರಿ, ಕತ್ತಲಾದ ಮೇಲೆ ಬಿನ್ನಿಗೆ ಹಾಕಿ ರಸ್ತೆಗೆ ಇಡಿ. ಕಾಕಟೂ ಹಗಲಿನ ಹಕ್ಕಿ, ಆ ಹೊತ್ತಿಗೆ ಮಲಗಿರುತ್ತದೆ. ಬಿನ್ ತುಂಬಿ ಮುಚ್ಚಳ ಬಾಯಿ ಬಿಡುವ ಹಾಗೆ ಮಾತ್ರ ಇಡಬೇಡಿ. ನಾಲ್ಕು ಜನ ಹಂಚಿಕೊಂಡಿರುವ ಮನೆಯಲ್ಲಿ ಈ ಕೆಲಸ ಯಾರದ್ದು ಅಂತ ಮೊದಲ ವಾರವೇ ಫ್ರಿಜ್ ಮೇಲೆ ಬರೆದು ಅಂಟಿಸಿ. ಇಲ್ಲದಿದ್ದರೆ ಅದು ಯಾರದ್ದೂ ಅಲ್ಲ.

ಫೋಟೊಗೋಸ್ಕರ ಅವಕ್ಕೆ ಬ್ರೆಡ್, ಬಿಸ್ಕತ್ತು ಹಾಕಬೇಡಿ. ಮರುದಿನ ಸಂಸಾರ ಸಮೇತ ಬರುತ್ತವೆ. ತಿನ್ನಲು ಏನೂ ಸಿಗದಿದ್ದರೆ ಬಾಲ್ಕನಿಯ ಮರದ ಕಂಬಿ, ಕಿಟಕಿ ಚೌಕಟ್ಟು ಕಡಿಯುತ್ತಾ ಕೂರುತ್ತವೆ. ಮನೆ ಬಿಡುವಾಗ ಆ ಹಾನಿಯ ಲೆಕ್ಕ ನಿಮ್ಮ ಬಾಂಡ್, ಅಂದರೆ ಮನೆಗೆ ಕೊಟ್ಟ ಠೇವಣಿ ದುಡ್ಡಿನಲ್ಲೇ ಕಳೆಯಲು ನೋಡುತ್ತಾರೆ, ಅಲ್ವಾ? ಯಾರೂ ಕಾಕಟೂವನ್ನು ಕೇಳುವುದಿಲ್ಲ.

ಕ್ಯಾಂಪಸ್ಸಿನ ಹುಲ್ಲಿನ ಮೇಲೆ ಊಟ ಮಾಡುವಾಗ ಡಬ್ಬಿಯ ಮುಚ್ಚಳ ಹಾಕಿಯೇ ಇಟ್ಟುಕೊಳ್ಳಿ. ಉದ್ದ ಬಾಗಿದ ಕೊಕ್ಕಿನ ಐಬಿಸ್ ಸುಮ್ನೆ ಪಕ್ಕದಲ್ಲಿ ಅಡ್ಡಾಡುತ್ತಾ ಇರುತ್ತದೆ, ನೀವು ಫೋನ್ ನೋಡುವ ಹೊತ್ತಿಗೆ ಸ್ಯಾಂಡ್‌ವಿಚ್ ಮಾಯ. ಬಾರ್ಬೆಕ್ಯೂ ಇದ್ದಲ್ಲಿ ಕೂಕಬರ ಹಕ್ಕಿ ಮೇಲಿಂದ ಎರಗಿ ಮಾಂಸದ ತುಂಡನ್ನೇ ಒಯ್ಯುತ್ತದೆ.

ಜುಲೈ ಕೊನೆಗೆ ಶುರುವಾಗುವ ಸೆಮಿಸ್ಟರ್‌ಗೆ ಬರುವವರು ಮ್ಯಾಗ್‌ಪೈ ವಿಷಯ ಸರಿಯಾಗಿ ಕೇಳಿಸಿಕೊಳ್ಳಿ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಅವು ಗೂಡು ಕಟ್ಟಿ ಮರಿ ಮಾಡುವ ಕಾಲ. ಕೆಲವು ಗಂಡು ಹಕ್ಕಿಗಳು ಗೂಡಿನ ಹತ್ತಿರ ಬಂದವರ ತಲೆಯ ಮೇಲೆ ಹಿಂದಿನಿಂದ ಎರಗುತ್ತವೆ. ಎಲ್ಲವೂ ಅಲ್ಲ, ಆದರೆ ಎರಗುವ ಹಕ್ಕಿಗೆ ಮುಖ ನೆನಪಿರುತ್ತದೆ. ಕೈ ಬೀಸಿದವರನ್ನು, ಕಲ್ಲು ಎಸೆದವರನ್ನು ಮರೆಯುವುದಿಲ್ಲ. ಸೈಕಲ್ ಕಂಡರಂತೂ ಅವಕ್ಕೆ ಸಿಟ್ಟು ಜಾಸ್ತಿ. ಹಾಗಾಗಿ ಇಳಿದು ತಳ್ಳಿಕೊಂಡು ಹೋಗಿ, ಹೆಲ್ಮೆಟ್ ತೆಗೆಯಬೇಡಿ, ಕಣ್ಣಿಗೆ ಕನ್ನಡಕ ಇರಲಿ. ಓಡಬೇಡಿ, ಹಕ್ಕಿಯನ್ನೇ ನೋಡುತ್ತಾ ನಡೆಯಿರಿ. ಹಕ್ಕಿ ಹತ್ತಿರ ಬರದಿರಲಿ ಅಂತ ಹೆಲ್ಮೆಟ್ ತುಂಬ ಕೇಬಲ್ ಟೈ (ಪ್ಲಾಸ್ಟಿಕ್ ಪಟ್ಟಿ) ಮುಳ್ಳು ನಿಲ್ಲಿಸಿಕೊಂಡು ಹೋಗುವವರನ್ನು ನೋಡುತ್ತೀರಿ. ನನಗೆ ಅದರಲ್ಲಿ ಅಷ್ಟು ನಂಬಿಕೆ ಇಲ್ಲ. ಕೆಲವು ವಾರ ಬೇರೆ ದಾರಿಯಲ್ಲಿ ಹೋಗುವುದೇ ಒಳ್ಳೆಯದು.

ಜೇಡದ ವಿಷಯ ಬೇಗ ಮುಗಿಸುತ್ತೇನೆ. ಗೋಡೆಯ ಮೇಲೆ ಅಂಗೈ ಅಗಲದ ಹಂಟ್ಸ್‌ಮನ್ ಜೇಡ ಕಂಡರೆ ಡಬ್ಬಿ ಕವುಚಿ, ಕೆಳಗೆ ರಟ್ಟು ತೂರಿಸಿ, ಹೊರಗೆ ಬಿಡಿ. ಹೊರಗೆ ಬಿಟ್ಟ ಶೂ ಕೊಡವಿ ಹಾಕಿಕೊಳ್ಳಿ, ಕೆಂಪು ಪಟ್ಟೆಯ ರೆಡ್‌ಬ್ಯಾಕ್ ಅಡಗಿರಬಹುದು. ಅದು ಕಚ್ಚಿದರೆ ಐಸ್ ಇಟ್ಟು, ವಿಷ ಮಾಹಿತಿ ಕೇಂದ್ರದ 13 11 26ಕ್ಕೆ ಕರೆ ಮಾಡಿ. ಸಿಡ್ನಿಯ ಸುತ್ತ ದೊಡ್ಡ ಕಪ್ಪು ಜೇಡ ಕಚ್ಚಿದರೆ ಪ್ರಾಣಕ್ಕೇ ಅಪಾಯ ತರುವ ಫನಲ್‌ವೆಬ್ ಅಂತಲೇ ತಿಳಿದು, ಕಚ್ಚಿದ ಕೈ ಅಥವಾ ಕಾಲಿಗೆ ಪೂರ್ತಿ ಬಿಗಿಯಾಗಿ ಬ್ಯಾಂಡೇಜ್ ಸುತ್ತಿ, ಅಲ್ಲಾಡದೆ ಕೂತು ತುರ್ತು ಸಂಖ್ಯೆ 000ಗೆ ಫೋನ್ ಮಾಡಿ. ನೆಲಕ್ಕೆ ಬಿದ್ದ ಬಾವಲಿಯನ್ನು ಮಾತ್ರ ಎಷ್ಟೇ ಕನಿಕರ ಬಂದರೂ ಮುಟ್ಟಬೇಡಿ. ಅದರ ಕಚ್ಚು, ಗೀರಿನಿಂದ ರೇಬೀಸ್ ತರಹದ ಲಿಸ್ಸಾವೈರಸ್ ಬರಬಹುದು. ಗೀರಿದರೆ ಸೋಪು ನೀರಿನಲ್ಲಿ 15 ನಿಮಿಷ ತೊಳೆದು ಆವತ್ತೇ ವೈದ್ಯರ ಹತ್ತಿರ ಹೋಗಿ. ವೀಸಾಕ್ಕಾಗಿ ಮಾಡಿಸಿದ ಆರೋಗ್ಯ ವಿಮೆಯ ಕಾರ್ಡ್ ಪರ್ಸ್‌ನಲ್ಲೇ ಇರಲಿ.

ಕುಂಡದ ಹಿಂದೆ ನೀಲಿ ನಾಲಿಗೆ ಚಾಚುವ ದಪ್ಪ ಹಲ್ಲಿ ಕಂಡರೆ ಓಡಿಸಬೇಡಿ, ಅದಕ್ಕೆ ವಿಷವಿಲ್ಲ. ಗಿಡ ತಿನ್ನುವ ಬಸವನಹುಳುಗಳನ್ನು ಅದೇ ತಿಂದು ಮುಗಿಸುತ್ತದೆ. ಹಾಗಾಗಿ ಅಂಗಡಿಯಿಂದ ಬಸವನಹುಳುವಿನ ವಿಷದ ಗುಳಿಗೆ ತಂದು ಚೆಲ್ಲಬೇಡಿ, ಹುಳು ತಿಂದ ಹಲ್ಲಿಯೂ ಸಾಯಬಹುದು.